ಬಸ್ಸಿನಲ್ಲಿ ಬರುತ್ತಿದ್ದ ರಕ್ತದ ಲೆಕ್ಕ

ಕಳೆದ ವಾರ ಪುತ್ತೂರಿನ ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದೆ. ಮೊಣಕಾಲು ನೋವಿನ ಎಣ್ಣೆ ತರಲು ಹೋದವಳು, ಎಣ್ಣೆ ತರುವ ದಾರಿಯಲ್ಲೇ ಮೊಣಕಾಲು ನೋಯಿಸಿಕೊಂಡು ಬೆಂಚು ಹಿಡಿದಿದ್ದೆ. ಎದುರಿಗೆ ಬೆಳ್ಳಾರೆಯ ಬಸ್ಸು ಹೊರಡಲು ತಯಾರಾಗಿತ್ತು. ಒಬ್ಬ ಹೆಂಗಸು ಓಡಿ ಬಂದು ಬಟ್ಟೆಯ ಚೀಲವೊಂದನ್ನು ಕಂಡಕ್ಟರನ ಕೈಗೆ ತುರುಕಿ, “ಬೆಳ್ಳಾರೆಯಲ್ಲಿ ನನ್ನ ತಮ್ಮ ನಿಂತಿರ್ತಾನೆ, ಕೊಟ್ಟುಬಿಡಿ ಆಯ್ತಾ” ಎಂದಳು. ತಮ್ಮನ ಹೆಸರೇನು, ಚೀಲದಲ್ಲಿ ಏನಿದೆ, ಒಂದನ್ನೂ ಅವನು ಕೇಳಲಿಲ್ಲ. ಡ್ರೈವರನ ಪಕ್ಕದಲ್ಲಿ ಅದನ್ನು ಇಟ್ಟು ವಿಸಿಲ್ ಊದಿದ. ಬಸ್ಸು ಹೋಯಿತು. ನಾನು ಮಾತ್ರ ಎಣ್ಣೆಯನ್ನೂ ಮೊಣಕಾಲನ್ನೂ ಮರೆತು ಅದು ಹೋದ ದಿಕ್ಕನ್ನೇ ನೋಡುತ್ತ ಕೂತೆ.

ನಿಮಗೆ ಇದು ವಿಶೇಷ ಅನ್ನಿಸಲಿಕ್ಕಿಲ್ಲ. ನಮ್ಮ ಕಡೆ ಬಸ್ಸು ಇರುವುದು ಜನ ಹೋಗಿ ಬರುವುದಕ್ಕೆ ಎಂಬುದು ಅರ್ಧ ಸತ್ಯ. ನಾನು ಬೆಳ್ಳಾರೆಗೆ ಸೊಸೆಯಾಗಿ ಬಂದ ಕಾಲದಲ್ಲಂತೂ, ಅಂದರೆ ಅರವತ್ತರ ದಶಕ ಶುರುವಾದ ಹೊಸತರಲ್ಲಿ, ಆ ಉದ್ದ ಮೂತಿಯ ಬಸ್ಸಿನಲ್ಲಿ ಜನರಿಗಿಂತ ಹೆಚ್ಚು ಸಾಮಾನುಗಳೇ ಊರಿಂದೂರಿಗೆ ಹೋಗುತ್ತಿದ್ದವು. ಜಾತಕ, ಒಣಮೀನು, ಹೊಲಿಯಲು ಕೊಟ್ಟ ರವಿಕೆ, ಕಾಲು ಕಟ್ಟಿದ ಹುಂಜ, ಎಲ್ಲಕ್ಕೂ ಕಂಡಕ್ಟರನೇ ಹೊಣೆ. ನಮ್ಮ ಮನೆಯಿಂದ ಎರಡು ವಾರಕ್ಕೊಮ್ಮೆ ಹೋಗುತ್ತಿದ್ದುದು ಅತ್ತೆಯ ರಕ್ತ.

ಹೆದರಬೇಡಿ, ವಿವರವಾಗಿ ಹೇಳುತ್ತೇನೆ.

ನಾನು ಜಾಲ್ಸೂರಿನವಳು. ಮದುವೆಯಾಗಿ ಬಂದದ್ದು ಬೆಳ್ಳಾರೆಯ ಪೇಟೆಯ ಬದಿಯಲ್ಲೇ ಇದ್ದ ಒಂದು ಹಂಚಿನ ಮನೆಗೆ. ನಮ್ಮವರು ಅಲ್ಲಿಯ ಶಾಲೆಯಲ್ಲಿ ಮಾಸ್ತರರು. ಮಾವ ತೀರಿಕೊಂಡು ವರ್ಷಗಳಾಗಿದ್ದವು. ಮನೆಯಲ್ಲಿ ನಾವಿಬ್ಬರು, ಮತ್ತೆ ಅತ್ತೆ. ಆದರೆ “ಮತ್ತೆ ಅತ್ತೆ” ಎಂದು ಕೊನೆಗೆ ಸೇರಿಸುವಂಥ ಮನುಷ್ಯಳಲ್ಲ ಅವರು. ಪೇಟೆಗೆಲ್ಲ ದೊಡ್ಡಕ್ಕ. ಯಾರ ಮನೆಯ ಜಗಳವಿದ್ದರೂ ಕರೆಯದೆ ಹೋಗಿ ಬಿಡಿಸಿ, ಕಾಫಿ ಕುಡಿದು ಬರುವವರು. ಬಾಯಿ ಜೋರು, ಕೈ ಉದಾರ. ಚೆನ್ನೆಮಣೆ ಆಡಲು ಕೂತರೆ ಮಾತ್ರ ಶುದ್ಧ ಮೋಸಗಾತಿ. ಗುಳಿಯಿಂದ ಗುಳಿಗೆ ಕಾಯಿ ಹಾಕುತ್ತ ಹೋಗುವಾಗ ಒಂದೆರಡು ಕಾಯಿ ಅವರ ಸೆರಗಿನೊಳಗೆ ಹೇಗೆ ಇಳಿಯುತ್ತಿತ್ತೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಬಂದ ಹೊಸತರಲ್ಲಿ ಅವರ ಹೆಜ್ಜೆ ಕೇಳಿದರೆ ಅಡಿಗೆಮನೆಗೆ ಸರಿಯುತ್ತಿದ್ದೆ.

ಮದುವೆಯಾಗಿ ವರ್ಷ ತುಂಬುವ ಮೊದಲೇ ಅವರಿಗೆ ಸುಸ್ತು ಶುರುವಾಯಿತು. ಬೆಳಿಗ್ಗೆ ಎದ್ದರೆ ಉಟ್ಟ ಸೀರೆ ಬೆವರಿನಲ್ಲಿ ತೊಯ್ದಿರುತ್ತಿತ್ತು. ಕೈಕಾಲು ಕಡ್ಡಿಯಾಗುತ್ತ ಬಂದರೂ ಹೊಟ್ಟೆ ಮಾತ್ರ ಎಡಬದಿಗೆ ಉಬ್ಬುತ್ತ ಬಂತು. ಎರಡು ತುತ್ತು ಉಂಡರೆ ಹೊಟ್ಟೆ ತುಂಬಿತು ಎನ್ನುತ್ತಿದ್ದರು. ಬೆಳ್ಳಾರೆಯಲ್ಲಿ ಮದ್ದಾಯಿತು, ಪುತ್ತೂರಿನ ಡಾಕ್ಟರರಲ್ಲಿ ತೋರಿಸಿದ್ದಾಯಿತು. ಅವರು ಹೊಟ್ಟೆ ಮುಟ್ಟಿ ನೋಡಿದವರೇ ಮಂಗಳೂರಿನ ದೊಡ್ಡ ಆಸ್ಪತ್ರೆಗೆ ಕಳುಹಿಸಿದರು. ಮಂಗಳೂರಿಗೆ ಅತ್ತೆಯ ಆರೈಕೆಗೆಂದು ಹೋದವಳು ನಾನು. ನನಗೆ ಬಸ್ಸಿನಲ್ಲಿ ವಾಂತಿಯಾಗುವ ರೋಗ. ಪುತ್ತೂರು ದಾಟಿದ ಮೇಲೆ ಇಡೀ ದಾರಿ ಅತ್ತೆಯೇ ನನ್ನ ಹಣೆ ಹಿಡಿದುಕೊಂಡು, ಕಿಟಕಿಯ ಹೊರಗೆ ನನ್ನ ತಲೆ ಹಾಕಿಸಿಕೊಂಡು ಕೂತಿದ್ದರು. ಆಸ್ಪತ್ರೆಯ ಬಾಗಿಲಲ್ಲಿ ಒಬ್ಬಳು ನರ್ಸ್ ನಮ್ಮಿಬ್ಬರನ್ನೂ ನೋಡಿ ನೇರ ನನ್ನ ಕೈ ಹಿಡಿದು ಒಳಗೆ ಕರೆದೊಯ್ದಳು. ಅತ್ತೆ ಹಿಂದಿನಿಂದ, “ಅವಳಲ್ಲ ಮಾರಾಯ್ತಿ, ಸಾಯ್ಲಿಕ್ಕಿರುದು ನಾನು” ಎಂದು ಕೂಗಿದರು.

ರಕ್ತದ ಕ್ಯಾನ್ಸರು ಎಂದು ಈಗ ಮಕ್ಕಳೂ ಹೇಳುತ್ತವೆ. ಆಗ ಆ ಮಾತು ನಮ್ಮ ಕಡೆ ಯಾರ ಬಾಯಲ್ಲೂ ಇರಲಿಲ್ಲ. ಮಂಗಳೂರಿನವರು ಹೆಸರು ಹೇಳಿ, ಮಾತ್ರೆ ಬರೆದುಕೊಟ್ಟು, ಇನ್ನು ಪುತ್ತೂರಿನ ಡಾಕ್ಟರರೇ ನೋಡಿಕೊಳ್ಳಲಿ ಎಂದು ಕಳುಹಿಸಿದರು. ಪುತ್ತೂರಿನವರು ನಿಧಾನದ ಮನುಷ್ಯ. ಅತ್ತೆಯ ಬೆರಳಿನಿಂದ ಒಂದು ಹನಿ ರಕ್ತ ತೆಗೆದು, ಗಾಜಿನ ಮೇಲೆ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಹತ್ತಿರ ಅವರನ್ನೇ ಕರೆದು ಕಣ್ಣಿಡಿಸಿದರು.

“ಇದೆಂತ, ಸಾಸಿವೆ ಚೆಲ್ಲಿದ ಹಾಗೆ ಉಂಟಲ್ಲ?” ಎಂದರು ಅತ್ತೆ.

“ಅದು ನಿಮ್ಮ ರಕ್ತದ ಬಿಳಿ ಕಣಗಳು. ಬಣ್ಣ ನಾವು ಹಾಕಿದ್ದು. ಬೇರೆಯವರಲ್ಲಿ ಏಳೆಂಟು ಸಾವಿರ ಇರುವ ಜಾಗದಲ್ಲಿ ನಿಮ್ಮಲ್ಲಿ ಎರಡು ಲಕ್ಷ ಉಂಟು. ಇರಬೇಕಾದ್ದಕ್ಕಿಂತ ಹೆಚ್ಚು. ಯಾವುದಕ್ಕೂ ಪ್ರಯೋಜನ ಇಲ್ಲ.”

“ಕೆಲಸಕ್ಕೆ ಬಾರದವರು ಇಷ್ಟು ಜನ ಕೂತು ಉಣ್ಣುದಾ! ಓಡಿಸ್ಲಿಕ್ಕೆ ಆಗ್ತದಾ ಡಾಕ್ಟ್ರೆ?”

“ಈ ಮಾತ್ರೆಯಲ್ಲಿ ಕಡಿಮೆ ಮಾಡಬಹುದು. ಬುಡದಿಂದ ಕೀಳುವ ಮದ್ದು ಇನ್ನೂ ಬರ್ಲಿಲ್ಲ. ಲೆಕ್ಕ ಇಳಿದ್ರೆ ನಿಮಗೆ ಒಳ್ಳೆದು. ಕೆಲವರು ಹಾಗೆ ಮೂರು ನಾಲ್ಕು ವರ್ಷ ಚೆನ್ನಾಗಿರ್ತಾರೆ. ಮಾತ್ರೆ ಇದ್ದೂ ಮತ್ತೆ ಏರಿದ್ರೆ ಮಾತ್ರ ಕಷ್ಟ. ಮುಚ್ಚಿಟ್ಟು ಎಂತ ಮಾಡ್ಲಿ?”

ಅತ್ತೆ ಇನ್ನೊಮ್ಮೆ ಬಗ್ಗಿ ಆ ಗಾಜನ್ನು ನೋಡಿದರು. ಆಮೇಲೆ “ಮುಚ್ಚಿಡದ್ದು ಒಳ್ಳೆದಾಯ್ತು” ಎಂದು ಹೇಳಿ, ಎದ್ದು, ಸೆರಗು ಸರಿ ಮಾಡಿಕೊಂಡರು. ಹೊರಡುವ ಮೊದಲು ಡಾಕ್ಟರು ನನ್ನ ಅಂಗೈಯನ್ನು ಅತ್ತೆಯ ಎಡಪಕ್ಕೆಲುಬಿನ ಕೆಳಗೆ ಇಡಿಸಿ, ಈ ರೋಗಕ್ಕೆ ಊದಿಕೊಂಡು ಒಳಗೆ ಗಟ್ಟಿಯಾಗಿ ತಾಗುತ್ತಿದ್ದ ಗುಲ್ಮದ ಅಂಚನ್ನು ತೋರಿಸಿಕೊಟ್ಟರು. ಅದು ಎಷ್ಟು ಬೆರಳು ಕೆಳಗಿದೆ ಎಂದು ಆಗಾಗ ನೋಡುತ್ತಿರಬೇಕು, ರೋಗ ಇಳಿದರೆ ಅದೂ ಇಳಿದು ಪಕ್ಕೆಲುಬಿನ ಒಳಗೆ ಹೋಗುತ್ತದೆ ಎಂದರು. ಆ ಕಾಲದಲ್ಲಿ ಸೊಸೆಯಾದವಳು ಅತ್ತೆಯನ್ನು ಮುಟ್ಟುವುದಿದ್ದರೆ ಕಾಲಿಗೆ ಬೀಳುವಾಗ ಮಾತ್ರ. ಮೊದಲ ಕೆಲವು ದಿನ ಬೆರಳ ತುದಿ ತಾಗಿಸಿ ಕೈ ತೆಗೆಯುತ್ತಿದ್ದೆ. “ಒತ್ತು ಮಾರಾಯ್ತಿ, ಹಲಸಿನಕಾಯಿ ಬಲಿತಿದೆಯಾ ನೋಡುವಾಗ ಹೀಗೆಯಾ ನೀನು ಮುಟ್ಟುದು?” ಎಂದು ಅವರೇ ನನ್ನ ಕೈಯ ಮೇಲೆ ತಮ್ಮ ಕೈಯಿಟ್ಟು ಒತ್ತಿಸುತ್ತಿದ್ದರು. ನನಗೆ ಅತ್ತೆಯ ಮೇಲೆ ಪ್ರೀತಿ ಹುಟ್ಟಿದ್ದು ಆ ಅಂಗೈಯಲ್ಲಿ.

ಇನ್ನೊಂದು ಕಾರಣವೂ ಇತ್ತು. ಸೊಸೆ ಕಾಲಿಟ್ಟ ವರ್ಷವೇ ಅತ್ತೆ ಮಲಗಿದಳು ಎಂದು ಒಂದಿಬ್ಬರು ನೆಂಟರು ನನಗೆ ಕೇಳಿಸುವ ಹಾಗೆ ಆಡಿಕೊಂಡಿದ್ದರು. ಅತ್ತೆ ಒಳಗಿನಿಂದಲೇ ಗದರಿದರು. “ಡಾಕ್ಟ್ರು ಹೇಳಿದ್ದಾರೆ, ಈ ರೋಗ ನನ್ನ ಮೈಗೆ ಬಂದು ಎರಡು ವರ್ಷ ಆಗಿರ್ಬೇಕು ಅಂತ. ಇವಳು ಬಂದದ್ದು ಮೊನ್ನೆ. ಕಾಲ್ಗುಣ ಹುಡುಕುದಾದ್ರೆ ಅದಕ್ಕೂ ಮೊದಲು ಬಂದವರದ್ದು ಹುಡುಕಿ.” ನೆಂಟರು ಕಾಫಿಗೂ ನಿಲ್ಲಲಿಲ್ಲ.

ಈಗ ರಕ್ತ ಬಸ್ಸು ಹತ್ತಿದ ಕಥೆಗೆ ಬರುತ್ತೇನೆ. ಎರಡು ವಾರಕ್ಕೊಮ್ಮೆ ಲೆಕ್ಕ ನೋಡಿ ಮಾತ್ರೆ ಹೆಚ್ಚು ಕಡಿಮೆ ಮಾಡಬೇಕಿತ್ತು. ಅಷ್ಟು ಸಲ ಪುತ್ತೂರಿಗೆ ಹೋಗಿ ಬರುವ ತ್ರಾಣ ಅತ್ತೆಗೆ ಇರಲಿಲ್ಲ. ಡಾಕ್ಟರು ರಕ್ತ ಹೆಪ್ಪುಗಟ್ಟದಂತೆ ಪುಡಿ ಹಾಕಿದ ಪುಟ್ಟ ಶೀಸೆಗಳನ್ನು ಕೊಟ್ಟಿದ್ದರು. ಬೆಳ್ಳಾರೆಯ ಕಂಪೌಂಡರು ಬೆಳಿಗ್ಗೆ ಮನೆಗೆ ಬಂದು ರಕ್ತ ತೆಗೆಯುವುದು, ನಮ್ಮವರು ಶೀಸೆಯನ್ನು ಬಾಳೆಲೆಯಲ್ಲಿ ಸುತ್ತಿ ಬಸ್ಸಿಗೆ ಒಯ್ಯುವುದು, ಕಂಡಕ್ಟರ್ ಶೀನಣ್ಣ ಅದನ್ನು ಅಂಗಿಯ ಜೇಬಿನಲ್ಲಿ ಎದೆಗೆ ಅಂಟಿಸಿಕೊಂಡು ಪುತ್ತೂರಿಗೆ ಮುಟ್ಟಿಸುವುದು. ಟಿಕೆಟಿನ ಚೀಲ, ಹುಂಜ, ಮೀನಿನ ಬುಟ್ಟಿ ಏನಾದರೂ ಆಗಲಿ, ಆ ದಿನ ಅವನ ಎದೆಗೆ ಯಾರೂ ತಾಗುವಂತಿರಲಿಲ್ಲ. “ದೂರ ನಿಲ್ಲಿ ಮಾರಾಯ್ರೆ, ದೊಡ್ಡಕ್ಕ ಇದ್ದಾರೆ” ಎನ್ನುತ್ತಿದ್ದನಂತೆ.

ಸಂಜೆ ಅದೇ ಬಸ್ಸಿನಲ್ಲಿ ಲೆಕ್ಕ ಬರುತ್ತಿತ್ತು. ಬಾಯಿಮಾತಿನಲ್ಲಿ. ಡಾಕ್ಟರರ ಅಕ್ಷರ ಅವರಿಗೇ ಓದಲು ಬರುತ್ತಿರಲಿಲ್ಲ, ಅದಕ್ಕೇ ಶೀನಣ್ಣನಿಗೆ ಹೇಳಿ, ಅವನಿಂದ ಒಮ್ಮೆ ತಿರುಗಿ ಹೇಳಿಸಿಕೊಂಡು ಕಳುಹಿಸುತ್ತಿದ್ದರು. ಶೀನಣ್ಣನ ಬಾಯಲ್ಲಿ ಸುದ್ದಿ ಬೆಳ್ಳಾರೆಯ ತನಕ ಮುಚ್ಚಿಕೊಂಡು ಕೂರುತ್ತದೆಯೇ? ಸವಣೂರಿನಲ್ಲಿ ಬಸ್ಸು ನಿಂತಾಗ ಸವಣೂರಿಗೆ ಗೊತ್ತು, ಪೆರುವಾಜೆಯಲ್ಲಿ ನಿಂತಾಗ ಪೆರುವಾಜೆಗೆ ಗೊತ್ತು. ಬೆಳ್ಳಾರೆಯಲ್ಲಿ ಬಸ್ಸು ನಿಲ್ಲುವ ಕಡೆ ಮೋನಾಕನ ಅಂಗಡಿ. ಬೆಲ್ಲ, ಉಪ್ಪು, ಒಣಮೀನು ಮಾರುವ ಬ್ಯಾರಿ ಮುಸ್ಲಿಮರು ಅವರು. ಅವರಿಗೆ ಗೊತ್ತಾದ ಮೇಲೆ, ಕಟ್ಟಕಡೆಗೆ ನಮಗೆ.

ಮೊದಲ ತಿಂಗಳಲ್ಲೇ ಮಾತ್ರೆ ಹಿಡಿಯಿತು. ಎರಡು ಲಕ್ಷ ಇದ್ದದ್ದು ಒಂದೂವರೆಗೆ ಇಳಿಯಿತು. ಶೀನಣ್ಣ ಅಂಗಳಕ್ಕೆ ಬಂದವನು ಚಪ್ಪಲಿ ಕಳಚಿ, ತಲೆ ತಗ್ಗಿಸಿ ನಿಂತ. “ಸಣ್ಣಕ್ಕ, ಹೇಗೆ ಹೇಳುದು? ಐವತ್ತು ಸಾವಿರ ಹೋಯ್ತು” ಎಂದ.

ನನಗೆ ಸಂತೋಷ ತಡೆಯಲಾಗಲಿಲ್ಲ. “ಇಳಿದ್ರೆ ಒಳ್ಳೆದು ಶೀನಣ್ಣ! ಕಡಿಮೆ ಆದಷ್ಟು ಒಳ್ಳೆದು!” ಎಂದು ಕೂಗಿದೆ.

ಅವನು ನನ್ನನ್ನು ಎಷ್ಟು ಕರುಣೆಯಿಂದ ನೋಡಿದನೆಂದರೆ, ನನಗೇ ನನ್ನ ಮೇಲೆ ಕನಿಕರ ಬಂತು. “ಹೌದು ಸಣ್ಣಕ್ಕ. ಹಾಗೇ ಅಂದ್ಕೊಳ್ಳುವ. ಡಾಕ್ಟ್ರು ಕೂಡ ಪಾಪ, ಒಳ್ಳೆದಾಯ್ತು ಅಂತ್ಲೇ ಹೇಳಿದ್ರು. ಅವರಾದ್ರೂ ಬೇರೆ ಎಂತ ಹೇಳ್ತಾರೆ?”

ಅವನದ್ದು ತಪ್ಪೆನ್ನಲಾರೆ. ನಮ್ಮ ಊರುಗಳಲ್ಲಿ ಯಾವ ರೋಗ ಹಿಡಿದು ಯಾವ ಡಾಕ್ಟರರ ಹತ್ತಿರ ಹೋದರೂ ಕಣ್ಣಿನ ರೆಪ್ಪೆ ಎಳೆದು ನೋಡಿ “ರಕ್ತ ಕಡಿಮೆ ಉಂಟು” ಎಂದು ಟಾನಿಕ್ ಬರೆಯುತ್ತಿದ್ದರು. ತಲೆ ತಿರುಗಿದರೂ ರಕ್ತ ಕಡಿಮೆ, ಬಸುರಿಯಾದರೂ ರಕ್ತ ಕಡಿಮೆ. ರಕ್ತದಲ್ಲಿ ಯಾವುದಾದರೂ ಹೆಚ್ಚಾಗಿ ಮನುಷ್ಯ ಸಾಯುತ್ತಾನೆ ಎಂದು ಕೇಳಿದವರೇ ಇಲ್ಲ. ನಮ್ಮವರು ಮಾಸ್ತರರಲ್ಲವೇ, ಪಾಠ ಹೇಳಿಯೇ ಸಿದ್ಧ ಎಂದು ಮೋನಾಕನ ಅಂಗಡಿಗೆ ಹೋಗಿ, ಬೆಂಚಿನ ಮೇಲೆ ಕೂತವರಿಗೆಲ್ಲ ಬಿಳಿ ಕಣ, ಕೆಂಪು ಕಣ ಎಂದು ಅರ್ಧ ಗಂಟೆ ವಿವರಿಸಿದರು. ಮೋನಾಕ ಪೂರ್ತಿ ಕೇಳಿ, ತಕ್ಕಡಿ ಕೆಳಗಿಟ್ಟು ಕೇಳಿದರಂತೆ: “ಮಾಷ್ಟ್ರೆ, ಮಕ್ಕಳ ಮಾರ್ಕು ಇಳಿದ್ರೆ ನೀವು ಒಳ್ಳೆದಾಯ್ತು ಹೇಳ್ತೀರಾ? ತಾಯಿಯ ವಿಷಯ, ನಿಮ್ಮ ಸಂಕಟ ನಮಗೆ ಅರ್ಥ ಆಗ್ತದೆ.” ನಮ್ಮವರು ಬೆಲ್ಲ ತರಲು ಹೋದವರು ಬೆಲ್ಲ ಮರೆತು ಮನೆಗೆ ಬಂದರು.

ಹೀಗಾಗಿ ನಮ್ಮ ಮನೆಗೂ ಊರಿಗೂ ಸಂತೋಷ ದುಃಖಗಳು ಅದಲುಬದಲಾದವು. ಲೆಕ್ಕ ಲಕ್ಷಕ್ಕೆ ಇಳಿಯಿತು, ಎಂಬತ್ತು ಸಾವಿರಕ್ಕೆ ಇಳಿಯಿತು, ನಲವತ್ತಕ್ಕೆ ಇಳಿಯಿತು. ನನ್ನ ಅಂಗೈಗೆ ತಾಗುತ್ತಿದ್ದ ಗಟ್ಟಿ ಅಂಚು ಒಂದೊಂದೇ ಬೆರಳು ಮೇಲಕ್ಕೆ ಸರಿಯಿತು. ಬೆವರು ನಿಂತಿತು. ಅತ್ತೆಗೆ ಹಸಿವು ತಿರುಗಿ ಬಂತು. ಊರಿನವರ ಕಣ್ಣಿಗೆ ಕಂಡದ್ದೇ ಬೇರೆ. ಉಬ್ಬಿದ ಹೊಟ್ಟೆ ಇಳಿಯುತ್ತಿದ್ದುದನ್ನು ನೋಡಿ, “ದೊಡ್ಡಕ್ಕ ಎಷ್ಟು ಇಳಿದು ಹೋದ್ರು” ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಸಾಯುವವರ ಬಾಯಿಯ ಆಸೆ ತೀರಿಸಬೇಕು ಎಂಬುದು ನಮ್ಮಲ್ಲಿ ದೊಡ್ಡ ಪುಣ್ಯದ ಕೆಲಸ. ಒಬ್ಬರು ಪತ್ರೊಡೆ ತಂದರು, ಒಬ್ಬರು ಒತ್ತುಶ್ಯಾವಿಗೆ ಕಾಯಿಹಾಲು ಸಮೇತ ತಂದರು, ಮೋನಾಕನ ಹೆಂಡತಿ ತೆಳ್ಳಗಿನ ಅಕ್ಕಿರೊಟ್ಟಿ ಮಾಡಿ ಬಾಳೆಲೆಯಲ್ಲಿ ಕಟ್ಟಿ ಕಳುಹಿಸಿದರು. ಹಸಿವೆದ್ದ ಅತ್ತೆ ಒಂದನ್ನೂ ಬಿಡಲಿಲ್ಲ. ಅವರು ಚಪ್ಪರಿಸಿ ಉಣ್ಣುವುದನ್ನು ನೋಡುತ್ತ ತಂದವರು ಬಾಗಿಲ ಮರೆಯಲ್ಲಿ ನಿಂತು ಅಳುವರು. ಅಷ್ಟು ಚೆನ್ನಾಗಿ ಉಣ್ಣುತ್ತಿದ್ದಾರೆಂದರೆ ಕೊನೆ ಹತ್ತಿರ ಬಂದಿತು ಎಂದು ಅವರ ಲೆಕ್ಕ.

ಕಡಬಕ್ಕೆ ಕೊಟ್ಟ ನನ್ನ ನಾದಿನಿಗೂ ಸುದ್ದಿ ಮುಟ್ಟಿತು. ಸವಣೂರಿನಲ್ಲಿ ಬಸ್ಸು ಬದಲಿಸಿದ ಯಾರೋ, ನಿನ್ನ ಅಮ್ಮನದ್ದು ಲಕ್ಷಗಟ್ಟಲೆ ಇದ್ದದ್ದು ಬರೀ ಹತ್ತು ಸಾವಿರಕ್ಕೆ ಬಂದಿದೆ, ಮುಖ ನೋಡುವುದಿದ್ದರೆ ಹೊರಡು ಎಂದಿದ್ದರಂತೆ. ಅವಳು ಉಟ್ಟ ಸೀರೆಯಲ್ಲೇ ಹೊರಟು, ದಾರಿಯುದ್ದ ಅಳುತ್ತ ಬಂದು, ಅಂಗಳದಲ್ಲೇ “ಅಮ್ಮಾ” ಎಂದು ಕುಸಿದಳು. ಜಗಲಿಯಲ್ಲಿ ನಾನೂ ಅತ್ತೆಯೂ ಚೆನ್ನೆಮಣೆಯ ಮುಂದೆ ಕೂತಿದ್ದೆವು. ಅತ್ತೆ ತಲೆಯೆತ್ತಿ, “ಏಳು, ಏಳು. ಇಲ್ಲಿ ಬಂದು ಇವಳ ಕೈ ನೋಡ್ತಾ ಕೂತ್ಕೋ, ಕಾಯಿ ಕದೀತಾಳೆ” ಎಂದರು. ಕದಿಯುತ್ತಿದ್ದುದು ಯಾರೆಂದು ನಿಮಗೆ ಬೇರೆ ಹೇಳಬೇಕಿಲ್ಲ.

ಡಾಕ್ಟರು ಮಾತ್ರೆ ನಿಲ್ಲಿಸಿದರು. ಇನ್ನು ತಿಂಗಳಿಗೊಮ್ಮೆ ಲೆಕ್ಕ ಸಾಕು ಎಂದರು. ಆಮೇಲಿನ ಮೂರು ವರ್ಷಗಳನ್ನು ನೆನೆದರೆ ನನಗೆ ಈಗಲೂ ಎದೆ ತುಂಬುತ್ತದೆ. ಅತ್ತೆ ಪೇಟೆಗೆ ಇಳಿದರು, ಜಗಳ ಬಿಡಿಸಿದರು, ಮದುವೆ ಮನೆಗಳಲ್ಲಿ ತೆಂಗಿನಕಾಯಿ ತುರಿದರು. ನನ್ನ ಮಗ ಹುಟ್ಟಿದಾಗ ನನಗೆ ಬಾಣಂತನ ಮಾಡಿದವರು ಅವರೇ. ಊರಿಗೆ ಇದು ಬಿಡಿಸಲಾಗದ ಒಗಟು. ಕೊನೆಗೆ ಊರಿನವರೇ ಒಂದು ವಿವರಣೆ ಹುಡುಕಿಕೊಂಡರು. “ಹತ್ತೇ ಸಾವಿರದಲ್ಲಿ ಹೇಗೆ ಸಂಸಾರ ಮಾಡ್ತಾರೆ ನೋಡಿ! ಅದು ದೊಡ್ಡಕ್ಕನ ಗಟ್ಟಿತನ” ಎನ್ನುತ್ತಿದ್ದರು. ಅತ್ತೆ ಈ ಗೌರವವನ್ನು ಧಾರಾಳವಾಗಿ ಬಳಸಿಕೊಂಡರು. ಬಸ್ಸು ಎಷ್ಟು ತುಂಬಿದ್ದರೂ ಅವರಿಗೆ ಮುಂದಿನ ಸೀಟು. ಭಾರ ಎತ್ತುವ ಕೆಲಸ ಬಂದರೆ, “ನನ್ನಲ್ಲಿ ಎಷ್ಟು ಉಂಟು ಗೊತ್ತುಂಟಲ್ಲ” ಎಂದು ಪಕ್ಕಕ್ಕೆ ಸರಿಯುತ್ತಿದ್ದರು. ತಿಂಗಳಿಗೊಮ್ಮೆ ಶೀನಣ್ಣ ಬಾಡಿದ ಮುಖದಲ್ಲಿ ಬಂದು, “ಏರ್ಲಿಲ್ಲ ದೊಡ್ಡಕ್ಕ, ಅಲ್ಲೇ ಉಂಟು” ಎನ್ನುತ್ತಿದ್ದ. ಅವನ ಮುಖ ಬಾಡಿದಷ್ಟೂ ನಮ್ಮ ಒಲೆಯ ಮೇಲೆ ಪಾಯಸ. ಮೋನಾಕನಂತೂ ದೊಡ್ಡಕ್ಕನ ರಕ್ತ ಏರಿದ ದಿನ ಮನೆಯಲ್ಲಿ ಮೌಲೂದು ಪ್ರಾರ್ಥನೆ ಓದಿಸಿ ಇಡೀ ಪೇಟೆಗೆ ಚೀರಣಿ ಹಂಚುತ್ತೇನೆ ಎಂದು ಹರಕೆ ಹೊತ್ತಿದ್ದರು. ಆ ಸಿಹಿ ನಮ್ಮ ಪೇಟೆಗೆ ಎಂದೂ ಸಿಗದಿರಲಿ ಎಂದು ನಾನು ದೇವರಿಗೆ ಕೈ ಮುಗಿಯುತ್ತಿದ್ದೆ.

ನಾಲ್ಕನೆಯ ವರ್ಷದ ಮಳೆ ನಿಂತ ಮೇಲೆ ಅತ್ತೆಯ ಸೀರೆ ಮತ್ತೆ ಬೆಳಿಗ್ಗೆ ಒದ್ದೆಯಾಗಿ ಸಿಗತೊಡಗಿತು. ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಹಿಂಡಿ ಒಣಗಿಸಿದೆ. ಒಂದು ಬೆಳಿಗ್ಗೆ ಅವರೇ ನನ್ನನ್ನು ಕರೆದು ಚಾಪೆಯ ಮೇಲೆ ಮಲಗಿ, “ನೋಡು” ಎಂದರು. ಬಹಳ ದಿನಗಳ ಮೇಲೆ ಅಂಗೈ ಇಟ್ಟೆ. ಒಳಗೆ ಅದು ಇತ್ತು.

“ಎಷ್ಟು ಬೆರಳು?”

ನಾಲ್ಕು ಬೆರಳು ಎತ್ತಿ ತೋರಿಸಿದೆ. ಅವರು ಆ ನಾಲ್ಕು ಬೆರಳುಗಳನ್ನು ಹಿಡಿದು ಮಡಚಿ, ನನ್ನ ಕೈಯನ್ನು ನನಗೇ ವಾಪಸು ಕೊಟ್ಟ ಹಾಗೆ ನನ್ನ ಮಡಿಲಲ್ಲಿ ಇಟ್ಟರು. “ಕಂಪೌಂಡರಿಗೆ ಹೇಳಿ ಕಳಿಸು. ರಕ್ತ ಹೋಗ್ಲಿ” ಎಂದರು.

ಮತ್ತೆ ಮಾತ್ರೆ ಶುರುವಾಯಿತು. ಒಮ್ಮೆ ಲೆಕ್ಕ ಸ್ವಲ್ಪ ಇಳಿಯಿತು. ಶೀನಣ್ಣ ಅಳುಮುಖದಲ್ಲಿ ಬಂದಾಗ ನಾನು ಅಡಿಗೆಮನೆಗೆ ಓಡಿ, ಸೆರಗು ಬಾಯಿಗೆ ಹಿಡಿದು ಸಂತೋಷಕ್ಕೆ ಅತ್ತುಬಿಟ್ಟೆ. ಅದರ ಮುಂದಿನ ಸಲ ಅವನು ಬಂದದ್ದು ಓಡಿಕೊಂಡು. ಬಸ್ಸನ್ನು ಅಲ್ಲೇ ನಿಲ್ಲಿಸಿ, ಜನರನ್ನು ಬಸ್ಸಿನಲ್ಲೇ ಬಿಟ್ಟು, ಟಿಕೆಟಿನ ಚೀಲ ಎಗರಿಸುತ್ತ ಅಂಗಳಕ್ಕೆ ನುಗ್ಗಿದ.

“ಏರಿತು ದೊಡ್ಡಕ್ಕಾ! ಲಕ್ಷ ದಾಟಿತು! ಒಂದು ಲಕ್ಷದ ಎಪ್ಪತ್ತು ಸಾವಿರ!”

ಅವನ ಹಿಂದೆ ಮೋನಾಕ. ಅವರ ಹಿಂದೆ ಅಂಗಡಿಯ ಬೆಂಚಿನ ಮೇಲಿದ್ದವರೆಲ್ಲ. ಬಸ್ಸಿನಿಂದ ಕೂಡ ನಾಲ್ಕಾರು ಜನ ಇಳಿದು ಬಂದಿದ್ದರು. ಎಲ್ಲರ ಮುಖದಲ್ಲೂ ಹಬ್ಬ. ಮೋನಾಕ ಎರಡೂ ಕೈ ಮೇಲೆತ್ತಿ, “ಮೇಲಿನವನು ಕೊಟ್ಟ ದೊಡ್ಡಕ್ಕ, ಇಷ್ಟು ವರ್ಷಕ್ಕೆ ಕೊಟ್ಟ” ಎಂದರು. ಈ ಜನರೆಲ್ಲ ಇಲ್ಲಿಂದ ಹೋಗಲಿ, ಇಲ್ಲವೇ ಇವರಿಗೆಲ್ಲ ಸತ್ಯ ಕಿರುಚಿ ಹೇಳಿಬಿಡೋಣ ಎನ್ನಿಸಿತು. ಬಾಯಿ ತೆರೆದೂಬಿಟ್ಟಿದ್ದೆ. ಜಗಲಿಯಲ್ಲಿ ಕಂಬಕ್ಕೆ ಒರಗಿದ್ದ ಅತ್ತೆ ನನ್ನ ಕಡೆ ಒಂದು ನೋಟ ನೋಡಿದರು. ಆ ನೋಟ ನನಗೆ ಮದುವೆಯಾದ ಹೊಸತಿನಿಂದ ಗೊತ್ತು. ಬಾಯಿ ಮುಚ್ಚಿದೆ.

“ಹೌದಾ ಶೀನ? ಲಕ್ಷದ ಎಪ್ಪತ್ತಾ?” ಎಂದರು ಅತ್ತೆ, ಇನ್ನೊಮ್ಮೆ ಕೇಳಿ ಆನಂದಪಡುವವರ ಹಾಗೆ. “ಹಾಗಾದ್ರೆ ಎಲ್ಲ ಕೂತ್ಕೊಳ್ಳಿ. ಬಸ್ಸು ಎಲ್ಲಿಗೆ ಓಡಿ ಹೋಗ್ತದೆ? ಇವಳು ಕಾಫಿ ಮಾಡ್ತಾಳೆ.”

ನಾನು ಕಾಫಿ ಮಾಡಿದೆ. ಡ್ರೈವರನೂ ಬಂದು ಕುಡಿದ. ಮರುದಿನವೇ ಮೋನಾಕ ಹರಕೆ ತೀರಿಸಿದರು. ಮೊದಲ ಪೊಟ್ಟಣ ದೊಡ್ಡಕ್ಕನಿಗೇ ಎಂದು ತಾವೇ ತಂದರು. ಅತ್ತೆಗೆ ಆಗ ಊಟ ಸೇರುತ್ತಿರಲಿಲ್ಲ, ನೀರು ಕುಡಿದರೂ ಹೊಟ್ಟೆ ಬಿಗಿಯುತ್ತಿತ್ತು. ಆದರೂ ಮೋನಾಕನ ಎದುರಿಗೇ ಪೊಟ್ಟಣ ಬಿಚ್ಚಿ, ಕೊನೆಯ ಚೂರಿನ ತನಕ ತಿಂದು, “ಸಿಹಿ ಹದವಾಗಿದೆ ಮೋನು” ಎಂದರು. ಅವರು ಹೋದ ಮೇಲೆ ನನಗೆ ಸಿಟ್ಟು ತಡೆಯಲಿಲ್ಲ.

“ನಿಮ್ಮ ರೋಗ ಹೆಚ್ಚಾದದ್ದಕ್ಕೆ ಸಿಹಿ ಹಂಚುದಾ ಅತ್ತೆ? ಇವರಿಗೆ ಈಗಲಾದ್ರೂ ಹೇಳಬೇಡ್ವಾ?”

“ಹೇಳಿದ್ರೆ ನನ್ನದು ಇಳೀತದ?”

ನಾನು ಖಾಲಿ ಪೊಟ್ಟಣವನ್ನು ಎತ್ತಿ ಮುದುಡಿದೆ.

“ನೋಡು, ಇಷ್ಟು ವರ್ಷ ನಾವು ಚೆನ್ನಾಗಿದ್ದಾಗೆಲ್ಲ ಇವರು ನನಗೋಸ್ಕರ ಸಂಕಟಪಟ್ಟಿದ್ದಾರೆ. ಸುಖ ನಾವು ತಿಂದೆವು, ದುಃಖ ಇವರು ತಿಂದ್ರು. ಇನ್ನು ಬರುದನ್ನು ನಾನೂ ನೀನೂ ನೋಡ್ಕೊಳ್ಳುವ. ಅವರು ಸ್ವಲ್ಪ ದಿನ ಸಂತೋಷವಾಗಿರ್ಲಿ.”

ಆಮೇಲೆ ಮಾತ್ರೆಯ ಮಾತನ್ನು ಲೆಕ್ಕ ಕೇಳಲಿಲ್ಲ. ಏರುತ್ತಲೇ ಹೋಯಿತು. ಶೀನಣ್ಣ ಪ್ರತಿ ಸಲ ನಗುತ್ತ ಬಂದ. ಅತ್ತೆ ಪ್ರತಿ ಸಲ ಅವನನ್ನು ಕೂರಿಸಿ ಹೊಗಳಿದರು. ಬರಬರುತ್ತ ಅವರು ಜಗಲಿಗೆ ಬರುವುದು ನಿಂತು, ಅವನೇ ಒಳಗಿನ ಕೋಣೆಯ ಬಾಗಿಲಿಗೆ ಬಂದು ಹೇಳುವಂತಾಯಿತು. “ಇನ್ನೆಂತ ದೊಡ್ಡಕ್ಕ, ರಕ್ತ ಇಷ್ಟು ಬಂತಲ್ಲ, ಇನ್ನು ಎದ್ದು ಓಡಾಡುದೇ” ಎನ್ನುತ್ತಿದ್ದ. ಅತ್ತೆ ತೀರಿಹೋದ ದಿನ ಬೆಳಿಗ್ಗೆಯೂ ನನ್ನ ಅಂಗೈ ಅವರ ಪಕ್ಕೆಯ ಮೇಲಿತ್ತು. ಅಳೆಯುವುದನ್ನು ನಾನು ಯಾವಾಗಲೋ ಬಿಟ್ಟಿದ್ದೆ. ಸುಮ್ಮನೆ ಇಟ್ಟುಕೊಂಡಿದ್ದೆ ಅಷ್ಟೆ.

ಉತ್ತರಕ್ರಿಯೆಯ ಬೊಜ್ಜದ ಊಟದ ದಿನ ಊರಿಗೆ ಊರೇ ಬಂದಿತ್ತು. ಶೀನಣ್ಣ ಉಣ್ಣಲು ಕೂರಲಿಲ್ಲ. ಎಲ್ಲರೂ ಎದ್ದ ಮೇಲೆ, ಬಾವಿಕಟ್ಟೆಯ ಹತ್ತಿರ ಪಾತ್ರೆಗಳ ನಡುವೆ ನಾನಿದ್ದಲ್ಲಿಗೆ ಬಂದು ನಿಂತ. ಎಷ್ಟೋ ದಿನ ನಿದ್ದೆ ಮಾಡದವನ ಮುಖ.

“ಸಣ್ಣಕ್ಕ, ಒಂದು ಕೇಳ್ಬೇಕಿತ್ತು. ನೀವು ಕೋಪ ಮಾಡ್ಬಾರ್ದು.” ಟವೆಲು ಹಿಂಡುತ್ತ ನಿಂತ. “ಕೊನೆಗೆ ಅಷ್ಟು ಚೆನ್ನಾಗಿ ಏರ್ತಾ ಇತ್ತಲ್ಲ. ಮತ್ತೆ ಹೇಗೆ ಹೀಗಾಯ್ತು? ಬಸ್ಸಿನ ಗಲಾಟೆಯಲ್ಲಿ ನಾನು ಎಂತಾದ್ರೂ ತಪ್ಪು ಲೆಕ್ಕ ತಂದು ಹೇಳಿದ್ನಾ? ಅದರಿಂದ ಮಾತ್ರೆ ಹೆಚ್ಚು ಕಡಿಮೆ ಆಯ್ತಾ?”

ಈ ಮನುಷ್ಯ ಅಷ್ಟು ದಿನಗಳಿಂದ ಈ ಭಾರ ಹೊತ್ತುಕೊಂಡು ಅದೇ ದಾರಿಯಲ್ಲಿ ವಿಸಿಲ್ ಊದುತ್ತ ಓಡಾಡುತ್ತಿದ್ದ. ಸತ್ಯ ಹೇಳಿದರೆ ಭಾರ ಇಳಿಯುತ್ತಿತ್ತು, ಆದರೆ ತಾನು ನಗುನಗುತ್ತ ತಂದು ಕೊಟ್ಟದ್ದು ಏನೆಂದು ಅವನಿಗೆ ಆ ಕ್ಷಣ ಗೊತ್ತಾಗುತ್ತಿತ್ತು. ಹೇಳದಿದ್ದರೆ ತಪ್ಪು ತನ್ನದೇ ಎಂದುಕೊಂಡು ಸಾಯುವ ತನಕ ಕೊರಗುತ್ತಾನೆ. ನಾನು ಕೈ ತೊಳೆದುಕೊಂಡು ಎದ್ದು ನಿಂತೆ.

“ಒಂದು ಸಲವೂ ತಪ್ಪಲಿಲ್ಲ ಶೀನಣ್ಣ. ನಾನೇ ಪುತ್ತೂರಿಗೆ ಹೋಗಿ ಡಾಕ್ಟ್ರ ಹತ್ರ ಕೇಳಿ ಬಂದಿದ್ದೇನೆ. ಅವರು ಹೇಳಿದ್ದು, ನೀವು ತಂದದ್ದು ಒಂದೇ. ಅತ್ತೆ ಹೋದದ್ದು ಲೆಕ್ಕದಿಂದ ಅಲ್ಲ, ರೋಗದಿಂದ. ನೀವು ಬರುದನ್ನು ಅವರು ಕಾಯ್ತಾ ಇದ್ರು.”

ಪುತ್ತೂರಿಗೆ ನಾನು ಹೋಗಿರಲಿಲ್ಲ. ಉಳಿದದ್ದೆಲ್ಲ ನಿಜ. ಅವನು ಬಾವಿಕಟ್ಟೆಯ ಮೇಲೆ ಕೂತು ಗಟ್ಟಿಯಾಗಿ ಅತ್ತ. ಆಮೇಲೆ ಎಲೆ ಹಾಕಿಸಿಕೊಂಡು ಉಂಡ. ನಾನೇ ಬಡಿಸಿದೆ.

ಅವನೂ ಈಗಿಲ್ಲ, ಮೋನಾಕನೂ ಇಲ್ಲ. ಅಂದು ಬಸ್ ಸ್ಟ್ಯಾಂಡಿನಿಂದ ಮನೆಗೆ ಬಂದ ಮೇಲೆಯೂ ಇದೆಲ್ಲ ತಲೆಯಿಂದ ಹೋಗಲಿಲ್ಲ. ಅದಕ್ಕೆ ಸರಿಯಾಗಿ ಮರುದಿನ ನನ್ನ ಅಣ್ಣನ ಮೊಮ್ಮಗಳು ಬಂದಳು. ಸುಳ್ಯದ ಒಂದು ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗಿ. ಕೆಲವು ತಿಂಗಳ ಹಿಂದೆ ಅವಳಿಗೂ ಇದೇ ರೋಗ ಎಂದು ಗೊತ್ತಾದಾಗ ನಾನು ಎರಡು ದಿನ ಊಟ ಬಿಟ್ಟಿದ್ದೆ. ಈಗ ಅದಕ್ಕೆ ಬೇರೆಯೇ ಮಾತ್ರೆಯಿದೆ, ದಿನಕ್ಕೊಂದು ನುಂಗಿಕೊಂಡು ಜನ ಕೆಲಸಕ್ಕೆ ಹೋಗುತ್ತಾರೆ, ಮುದುಕರಾಗುತ್ತಾರೆ ಎಂದು ಎಲ್ಲರೂ ಹೇಳಿದರು. ನಾನು ನಂಬಿದ ಹಾಗೆ ಮಾಡಿದ್ದೆ. ಅವಳು ಚಪ್ಪಲಿ ಕಳಚುತ್ತಲೇ, “ಅಜ್ಜಿ, ಟೆಸ್ಟ್ ಬಂತು. ಒಂದೂವರೆ ಲಕ್ಷ ಇದ್ದದ್ದು ಆರು ಸಾವಿರಕ್ಕೆ ಇಳಿದಿದೆ” ಎಂದಳು.

ನನಗೆ ದುಃಖವೋ ಸಂತೋಷವೋ, ಕೂತಲ್ಲೇ ಅಳು ನುಗ್ಗಿ ಬಂತು. ಹುಡುಗಿ ಗಾಬರಿಯಾಗಿ ನನ್ನ ಕಾಲ ಬುಡದಲ್ಲಿ ಕೂತಳು. “ಅಯ್ಯೋ ಅಜ್ಜಿ, ಎಂತಕ್ಕೆ ಅಳುದು? ಇದು ಇಳಿದ್ರೆ ಒಳ್ಳೆದು. ಎಲ್ಲರೂ ರಕ್ತ ಕಡಿಮೆ ಆದ್ರೆ ಹೆದರ್ತಾರೆ, ಆದ್ರೆ ಇದು ಹಾಗಲ್ಲ...” ಎಂದು ಬಿಳಿ ಕಣ, ಕೆಂಪು ಕಣ ಎಂದು ಬೆರಳು ಮಡಚಿ ಬಿಡಿಸಿ ವಿವರಿಸತೊಡಗಿದಳು.

ನನಗೆ ಇದೆಲ್ಲ ಗೊತ್ತು ಎಂದು ಹೇಳಲಿಲ್ಲ. ಅವಳ ಕೈ ಹಿಡಿದುಕೊಂಡು ಪೂರ್ತಿ ಕೇಳಿದೆ. ಮುಗಿದ ಮೇಲೆ, “ಹಾಗಾದ್ರೆ ಇಳಿದದ್ದು ಒಳ್ಳೆದಾ ಮಗ?” ಎಂದೆ.

“ಒಳ್ಳೆದು ಅಜ್ಜಿ.”

“ನನಗೆ ಸರಿ ಅರ್ಥ ಆಗ್ಲಿಲ್ಲ. ಇನ್ನೊಮ್ಮೆ ಹೇಳು.”

ಅವಳು ಒಂದಿಷ್ಟೂ ಬೇಸರಿಸದೆ, ಮೊದಲಿನಿಂದ, ಇನ್ನೊಮ್ಮೆ ಹೇಳಿದಳು.